ಬೇಸರವಾದಾಗ ಮಕ್ಕಳು ದುಃಖದ ಹಾಡನ್ನೇ ಕೇಳುವುದೇಕೆ?

ಮುಂಬಯಿ ಬಳಿಯ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಕಾಲೇಜಿಗೆ ಹೋಗಿಬರುವ ನಿಮ್ಮ ಮಗಳು ಬೇಸರವಾದಾಗ ಇನ್ನಷ್ಟು ಅಳಿಸುವ ಹಾಡುಗಳನ್ನೇ ಏಕೆ ಹಾಕಿಕೊಳ್ಳುತ್ತಾಳೆ ಎಂದು ಕೇಳಿದ್ದೀರಿ. ಬಹುಮಟ್ಟಿಗೆ, ದುಃಖವನ್ನು ತನ್ನ ಹಿಡಿತಕ್ಕೆ ತಂದುಕೊಳ್ಳುವುದಕ್ಕೆ.

ಮನಸ್ಸು ಕುಗ್ಗಿರುವಾಗ ಉತ್ಸಾಹದ ಹಾಡು ಪರಕೀಯವಾಗಿ ಕೇಳಿಸುತ್ತದೆ. ತನ್ನ ಭಾವಕ್ಕೆ ಹೊಂದುವ ಹಾಡಾದರೆ, ಮನೆಯಲ್ಲಿ ಕನ್ನಡದಲ್ಲಿಯೂ ಗೆಳತಿಯರೊಡನೆ ಮರಾಠಿಯಲ್ಲಿಯೂ ಹೇಳಲಾಗದ್ದನ್ನು ಬೇರೆ ಯಾರೋ ಹೇಳಿದಂತಾಗಿ ಒಂಟಿತನ ತಗ್ಗುತ್ತದೆ. ಸಂಗೀತ ಚಿಕಿತ್ಸೆಯ ನಡೆಯೂ ಇದೇ: ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಮುಂದಿಟ್ಟ ‘ಐಸೊ ತತ್ತ್ವ’ದ (ಐಸೊ ಎಂದರೆ ಸಮಾನ) ಪ್ರಕಾರ, ಕೇಳುವವರ ಮನಃಸ್ಥಿತಿಗೆ ಸರಿಸಮನಾದ ಸಂಗೀತದಿಂದ ಆರಂಭಿಸಿ, ಬಳಿಕ ಮೆಲ್ಲಮೆಲ್ಲನೆ ಲಯವನ್ನೂ ಭಾವವನ್ನೂ ಬದಲಿಸಿದರೆ ಮನಸ್ಸು ಅದರ ಜೊತೆಗೇ ಸಾಗುತ್ತದೆ. ಎಷ್ಟೋ ಎಳೆಯರು ಈ ಹೆಸರು ತಿಳಿಯದೆಯೇ ತಮ್ಮ ಪ್ಲೇಲಿಸ್ಟ್‌ಗಳಲ್ಲಿ ಇದನ್ನೇ ಮಾಡುತ್ತಾರೆ.

ಆದ್ದರಿಂದ ‘ಆ ಅಳುವ ಹಾಡು ನಿಲ್ಲಿಸು’ ಎಂದು ಗದರುವುದರಿಂದ (ನಾವೆಲ್ಲರೂ ಗದರುತ್ತೇವೆ) ಪ್ರಯೋಜನ ಕಡಿಮೆ. ಹಾಡು ಮುಗಿದ ಮೇಲೆ ಅವಳು ಹೇಗಿರುತ್ತಾಳೆ ಎಂಬುದನ್ನು ಗಮನಿಸಿ. ಹಗುರಾಗುವ ಬದಲು ಅದೇ ನೋವನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತ, ಊಟ ನಿದ್ದೆಗಳು ಕೆಡುತ್ತ ಬಂದರೆ, ಸಂಗೀತವೊಂದೇ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು.