ಗುಂಪಿನಲ್ಲಿ ಲೆಕ್ಕ ಕೊಟ್ಟರೆ ಜಾಣ ಒಬ್ಬನೇ ಬಿಡಿಸುತ್ತಾನೆ. ಅವನನ್ನು ಬೇರೆ ಕೂರಿಸಬೇಕಾ?

ಬೇಡ. ಅವನದೇನೂ ತಪ್ಪಿಲ್ಲ. ಒಬ್ಬ ಬಿಡಿಸೋದು, ಉಳಿದವರು ಇಳಿಸಿಕೊಳ್ಳೋದು, ಇದೆಲ್ಲ ನನ್ನ ಹೈಸ್ಕೂಲು ಫಿಸಿಕ್ಸ್ ಕ್ಲಾಸಿನಲ್ಲೂ ಆಗಿತ್ತು. ಗುಂಪು ಬದಲಾಯಿಸಿದೆ, ಮಾತಾಡಿದವರಿಗೆ ಅಂಕ ಕೊಟ್ಟೆ, ಬೈದೆ. ಏನೂ ಆಗಲಿಲ್ಲ.

ಎಡವಟ್ಟು ಇದ್ದಿದ್ದು ನಾನು ಕೊಡುತ್ತಿದ್ದ ಲೆಕ್ಕದಲ್ಲಿ. ಪಾಠದ ಕೊನೆಯಲ್ಲಿರೋದನ್ನೇ ಎತ್ತಿ ಕೊಡುತ್ತಿದ್ದೆ. 'ಕಾರಿನ ವೇಗ 20 ಮೀ/ಸೆ. ಬ್ರೇಕ್ ಹಾಕಿದರೆ ಪ್ರತಿ ಸೆಕೆಂಡಿಗೆ 5 ಮೀ/ಸೆ ಇಳಿಯುತ್ತದೆ. ಎಷ್ಟು ದೂರದಲ್ಲಿ ನಿಲ್ಲುತ್ತದೆ?' ಸೂತ್ರ ಗೊತ್ತಿದ್ದವನಿಗೆ ನಿಮಿಷದ ಕೆಲಸ. 40 ಮೀಟರ್, ಮುಗೀತು. ಇದರಲ್ಲಿ ಎರಡನೆಯವರಿಗೆ ಕೆಲಸವೇ ಇಲ್ಲ. ಕೆಲಸ ಇಲ್ಲದವರು ಇಳಿಸಿಕೊಳ್ಳದೆ ಇನ್ನೇನು ಮಾಡುತ್ತಾರೆ? ಇದು ಹೊಳೆಯುವಷ್ಟರಲ್ಲಿ ವರ್ಷವೇ ಮುಗಿದಿತ್ತು. ಆ ಬ್ಯಾಚಿಗೆ ಗುಂಪು ಅಂದರೆ ಗಲಾಟೆ ಮಾಡೋ ಪೀರಿಯಡ್ಡು ಅಂತಲೇ ಉಳಿಯಿತು.

ಮುಂದಿನ ವರ್ಷ ಅದೇ ಲೆಕ್ಕವನ್ನು ಕೆಡಿಸಿ ಕೊಟ್ಟೆ. 'ನೀವು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ. 55 ಮೀಟರ್ ಮುಂದೆ ರಸ್ತೆಗೆ ಮರ ಬಿದ್ದಿದೆ. ಕಾರು 900 ಕೆ.ಜಿ. ಬ್ರೇಕ್ ಅದೇ. ಗುದ್ದುತ್ತೀರಾ?' ಗಂಟೆಗೆ 72 ಕಿ.ಮೀ. ಅಂದರೆ ಅದೇ 20 ಮೀ/ಸೆ. ಜಾಣ ಎಂದಿನಂತೆ 40 ಬರೆದು 'ಗುದ್ದಲ್ಲ' ಅಂದ. 'ಮರ ನೋಡಿ ಬ್ರೇಕ್ ತುಳಿಯೋಕೂ ಹೊತ್ತು ಬೇಕಲ್ವಾ?' ಅಂತ ಪಕ್ಕದವಳು ಕೇಳಿದಳು. ಒಂದು ಸೆಕೆಂಡು ಅಂದುಕೊಂಡರೂ 20 ಮೀಟರ್ ಹೋಯಿತು. ಒಟ್ಟು 60! ಮೂರನೆಯವನು 900 ಕೆ.ಜಿ. ಎಲ್ಲಿ ಹಾಕೋದು ಅಂತ ಜಗಳ ತೆಗೆದ. ಎಲ್ಲೂ ಹಾಕೋ ಹಾಗಿಲ್ಲ, ಅದನ್ನು ಸುಮ್ನೆ ಕೊಟ್ಟಿದ್ದೆ. ಕೊನೆಗೆ, ಗುದ್ದುವಾಗ ವೇಗ ಎಷ್ಟಿರುತ್ತೆ ಅಂತ ಅವರೇ ಲೆಕ್ಕ ಹಾಕಿದರು. ಸುಮಾರು 7 ಮೀ/ಸೆ.

ಇದೇನು ನನ್ನ ತಲೆಯಿಂದ ಬಂದಿದ್ದಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಹೆಲ್ಲರ್ ಮತ್ತು ಜೊತೆಗಾರರು 1992ರಲ್ಲೇ ಇಂಥ ಲೆಕ್ಕಗಳ ಬಗ್ಗೆ ಬರೆದಿದ್ದರು. ಗುಂಪಿಗೆ ಮೂವರು ಸಾಕು ಅಂದವರೂ ಅವರೇ. ಒಬ್ಬರು ನಡೆಸೋದು, ಒಬ್ಬರು ಬರೆಯೋದು, ಒಬ್ಬರು ಅನುಮಾನ ಪಡೋದು. ಇಬ್ಬರು ಹುಡುಗರ ನಡುವೆ ಒಬ್ಬಳೇ ಹುಡುಗಿ ಇದ್ದರೆ ಅವಳ ಮಾತು ನಡೆಯೋದು ಕಷ್ಟ ಅಂತಲೂ ಅವರು ಕಂಡಿದ್ದರು. ನಾನು ಒಂದು ಸೇರಿಸುತ್ತೇನೆ: ಜಾಣನ ಕೈಗೆ ಪೆನ್ನು ಕೊಡಬೇಡಿ, ಅನುಮಾನ ಪಡೋ ಕೆಲಸ ಕೊಡಿ.

ಪೋರ್ಷನ್ ಮುಗಿಯಲ್ಲ ಅಂತೀರಾ? ಪೀರಿಯಡ್ಡಿಗೆ ಇಂಥ ಲೆಕ್ಕ ಒಂದೇ ಸಾಕು. ಪಾಠದ ಕೊನೆಯವನ್ನು ಮನೆಗೆ ಕೊಡಿ, ಅವಕ್ಕೆ ಗುಂಪೇ ಬೇಕಿಲ್ಲ.