ಪ್ರೋಟೀನ್ ಪುಡಿಯ ಡಬ್ಬಿಯ ಮೇಲಿನ ‘24 ಗ್ರಾಂ’ ಅನ್ನು ಎಷ್ಟರಮಟ್ಟಿಗೆ ನಂಬಬಹುದು?

ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ನಮೂದಿಸಿದಷ್ಟು ಪ್ರೋಟೀನ್ ಒಳಗಿನ ಪುಡಿಯಲ್ಲಿ ನಿಜಕ್ಕೂ ಇರುತ್ತದೆಯೇ ಎಂದು ನೀವು ಕೇಳಿದ್ದೀರಿ. ಪರೀಕ್ಷೆಯಲ್ಲಿ ಸರಿಯಾಗಿಯೇ ಬಂದ ಸಂಖ್ಯೆಯೂ ದಾರಿ ತಪ್ಪಿಸಬಲ್ಲದು ಎಂಬುದು ನನ್ನ ಉತ್ತರ. ಏಕೆಂದರೆ ದೋಷದ ಮೂಲ ಅಳೆಯುವ ವಿಧಾನದಲ್ಲಿಯೇ ಇದೆ.

1883ರಲ್ಲಿ ಡೆನ್ಮಾರ್ಕಿನ ಯೊಹಾನ್ ಕೆಲ್ಡಾಲ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ವಿಧಾನವು ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಮಾದರಿಯಲ್ಲಿರುವ ಒಟ್ಟು ಸಾರಜನಕವನ್ನು ಕಂಡುಹಿಡಿದು, ಪ್ರೋಟೀನಿನಲ್ಲಿ ಸರಾಸರಿ ಶೇ. 16ರಷ್ಟು ಸಾರಜನಕವಿರುತ್ತದೆ ಎಂಬ ಲೆಕ್ಕದಲ್ಲಿ ಅದನ್ನು 6.25ರಿಂದ, ಹಾಲಿನ ಪ್ರೋಟೀನಾದರೆ 6.38ರಿಂದ, ಗುಣಿಸಲಾಗುತ್ತದೆ. ಆ ಸಾರಜನಕ ಯಾವ ವಸ್ತುವಿನಿಂದ ಬಂದಿತು ಎಂಬುದನ್ನು ಈ ಪರೀಕ್ಷೆ ಕೇಳುವುದೇ ಇಲ್ಲ. ಆದ್ದರಿಂದ ಸಾರಜನಕವಿದ್ದರೂ ಪ್ರೋಟೀನ್ ಅಲ್ಲದ ಗ್ಲೈಸಿನ್, ಟಾರಿನ್ ಅಥವಾ ಕ್ರಿಯಾಟಿನ್‌ನಂಥ ಅಗ್ಗದ ವಸ್ತುಗಳನ್ನು ಬೆರೆಸಿದರೆ ಅವೂ ಪ್ರೋಟೀನ್ ಎಂದೇ ಎಣಿಕೆಯಾಗುತ್ತವೆ. ಕ್ರಿಯಾಟಿನ್‌ನ ತೂಕದಲ್ಲಿ ಸುಮಾರು ಶೇ. 32ರಷ್ಟು ಸಾರಜನಕವೇ ಇರುವುದರಿಂದ, ಅದರ 1 ಗ್ರಾಂ ಕಾಗದದ ಮೇಲೆ 2 ಗ್ರಾಂ ಪ್ರೋಟೀನ್ ಆಗಿಬಿಡುತ್ತದೆ! 2008ರಲ್ಲಿ ಚೀನಾದಲ್ಲಿ ಹಾಲಿಗೆ ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಬೆರೆಸಿ ಶಿಶುಗಳ ಪ್ರಾಣಕ್ಕೇ ಕುತ್ತು ತಂದವರು ದುರುಪಯೋಗಪಡಿಸಿಕೊಂಡದ್ದೂ ಇದೇ ಲೋಪವನ್ನು.

ಹೀಗಾಗಿ ನಾನು ಮೊದಲು ಓದುವುದು ಡಬ್ಬಿಯ ಹಿಂಬದಿಯನ್ನು. ಸಾಮಾನ್ಯವಾಗಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮುಂಬದಿಯಲ್ಲಿ ‘ಐಸೊಲೇಟ್’ (ಹೆಚ್ಚು ಶುದ್ಧೀಕರಿಸಿದ ಪ್ರೋಟೀನ್) ಎಂದು ಸಾರಿ, ಪಟ್ಟಿಯಲ್ಲಿ ಅದಕ್ಕಿಂತ ಮೊದಲು ಕಾನ್ಸಂಟ್ರೇಟ್ (ಅಷ್ಟು ಶುದ್ಧವಲ್ಲದ ರೂಪ) ಕಾಣಿಸಿದರೆ ಯಾವುದು ಹೆಚ್ಚಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಒಂದು ಸ್ಕೂಪಿನ ತೂಕವನ್ನೂ ನೋಡಿ: 30 ಗ್ರಾಂ ಪುಡಿಯಲ್ಲಿ 24 ಗ್ರಾಂ ಎಂದರೆ ಶೇ. 80, ಅದೇ 24 ಗ್ರಾಂ 45 ಗ್ರಾಂ ಪುಡಿಯಿಂದ ಬಂದರೆ ಶೇ. 53 ಮಾತ್ರ. ಕೆಲವರು ಪುಡಿಯನ್ನು ಕಲಸುವ ಹಾಲಿನ ಪ್ರೋಟೀನನ್ನೂ ಸೇರಿಸಿ ಸಂಖ್ಯೆಯನ್ನು ಹಿಗ್ಗಿಸುತ್ತಾರೆ.

‘5.5 ಗ್ರಾಂ ಬಿಸಿಎಎ’ (ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು) ಎಂಬ ಘೋಷಣೆಯಂತೂ ಬಹುಪಾಲು ಮೂಲವೇತನವನ್ನೇ ಬೋನಸ್ ಎಂದು ಕರೆದಂತೆ. ವೇ ಪ್ರೋಟೀನಿನಲ್ಲಿ, ಅಂದರೆ ಚೀಸ್ ತಯಾರಿಸುವಾಗ ಉಳಿಯುವ ಹಾಲಿನ ತಿಳಿನೀರಿನಿಂದ ತೆಗೆದ ಪ್ರೋಟೀನಿನಲ್ಲಿ, ಆ ಅಮೈನೋ ಆಮ್ಲಗಳು ಸಹಜವಾಗಿಯೇ ಇರುತ್ತವೆ. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಕೊಲಾಜೆನ್ ಬೆರೆತ ಉತ್ಪನ್ನಗಳಲ್ಲಿ ಇನ್ನೊಂದು ತೊಡಕಿದೆ: ಅದು ಪ್ರೋಟೀನೇ ಹೌದು, ಆದರೆ ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅತ್ಯಗತ್ಯ ಅಮೈನೋ ಆಮ್ಲವಿಲ್ಲ.

‘ಪ್ರಯೋಗಾಲಯದಲ್ಲಿ ಪರೀಕ್ಷಿತ’ ಎಂಬ ಮುದ್ರೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಯಾರು, ಯಾವ ಬ್ಯಾಚನ್ನು, ಯಾವುದಕ್ಕಾಗಿ ಪರೀಕ್ಷಿಸಿದರು ಎಂಬುದು ಅದರಲ್ಲಿ ಇರುವುದಿಲ್ಲ. ನಿಮ್ಮ ಡಬ್ಬಿಯ ಬ್ಯಾಚ್ ಸಂಖ್ಯೆಗೆ ಹೊಂದುವ, ಸ್ವತಂತ್ರ ಪ್ರಯೋಗಾಲಯದ ಪೂರ್ಣ ಅಮೈನೋ ಆಮ್ಲಗಳ ವರದಿಯನ್ನು ಕಂಪನಿಯಿಂದ ಕೇಳಿ. ವೇ ಆದರೆ 25 ಗ್ರಾಂ ಪ್ರೋಟೀನಿಗೆ ಸುಮಾರು 2.5 ಗ್ರಾಂ ಲ್ಯೂಸಿನ್ ಇರಬೇಕು. ಅದು ತೀರ ಕಡಿಮೆಯಿದ್ದು ಗ್ಲೈಸಿನ್ ಅಸಹಜವಾಗಿ ಹೆಚ್ಚಿದ್ದರೆ ಬೆರಕೆಯ ಅನುಮಾನಕ್ಕೆ ಆಧಾರವಿದೆ. ವರದಿ ಕೊಡಲು ಹಿಂಜರಿಯುವ ಕಂಪನಿಯ ಪುಡಿಯನ್ನು ನಾನಂತೂ ಕೊಳ್ಳುವುದಿಲ್ಲ.