ಒಟ್ಟು ಮಿತಿಗೆ ಒಪ್ಪಿಗೆ ಇದ್ದೂ ಮ್ಯಾಕೆರೆಲ್ ಕೋಟಾ ಮೀರುವುದೇಕೆ?

ವಿಜ್ಞಾನಿಗಳು ಹೇಳಿದ ಮಿತಿಗೆ ದೇಶಗಳು ಒಪ್ಪಿದರೂ ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಮ್ಯಾಕೆರೆಲ್ ಮೀನು ಹಿಡಿಯುವ ಪ್ರಮಾಣ ಅದನ್ನು ಮೀರುವುದೇಕೆ ಅಂತ ನಿಮ್ಮ ವರದಿಗಾಗಿ ಕೇಳಿದ್ದೀರಿ. ಬಹುತೇಕ ಕಾರಣ ಇಷ್ಟೇ: ಒಟ್ಟು ಎಷ್ಟು ಎನ್ನುವುದು ತೀರ್ಮಾನವಾಗಿದೆ, ಯಾರಿಗೆಷ್ಟು ಎನ್ನುವುದು ಎಲ್ಲರೂ ಒಪ್ಪುವಂತೆ ಆಗಿಲ್ಲ. ಹೀಗಾಗಿ ಒಬ್ಬೊಬ್ಬರೂ ತಮ್ಮ ಪಾಲನ್ನು ತಾವೇ ಘೋಷಿಸಿಕೊಳ್ಳುತ್ತಾರೆ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 63ನೇ ವಿಧಿ ಒಪ್ಪಂದಕ್ಕೆ ಪ್ರಯತ್ನಿಸಿ ಎನ್ನುತ್ತದೆಯೇ ಹೊರತು ಹಂಚಿಕೆಯ ಸೂತ್ರ ಕೊಡುವುದಿಲ್ಲ.

ನಿಮ್ಮ ವರದಿಗೆ ಮೊದಲು ನೀವು ಬರೆಯುವ ವರ್ಷದ ಐಸಿಇಎಸ್ (ಮೀನು ಹಿಡಿಯುವ ಮಿತಿಯ ಬಗ್ಗೆ ಸಲಹೆ ಕೊಡುವ ಅಂತರರಾಷ್ಟ್ರೀಯ ಸಮುದ್ರ ವಿಜ್ಞಾನ ಮಂಡಳಿ) ಸಲಹೆಯನ್ನು ಟನ್‌ಗಳಲ್ಲಿ ಬರೆದುಕೊಳ್ಳಿ. ನಾರ್ವೆ, ಐರೋಪ್ಯ ಒಕ್ಕೂಟ, ಬ್ರಿಟನ್, ಫ್ಯಾರೋ ದ್ವೀಪಗಳು, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್, ರಷ್ಯಾ ಘೋಷಿಸಿದ ಕೋಟಾಗಳನ್ನು ಕೂಡಿಸಿ ಪಕ್ಕದಲ್ಲಿಡಿ. ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಪಾಲು ಎರಡು ಸಲ ಸೇರಿಬಿಡಬಹುದು, ಅದನ್ನು ಕಳೆಯಿರಿ; ಲೆಕ್ಕ ಕೆಡುವುದು ಇಲ್ಲೇ.

ಆಮೇಲೆ ಯಾರ ನೀರಿನಲ್ಲಿ ಎಷ್ಟು ಮೀನು ಅಂತ ನೋಡಿ. 2000ದ ದಶಕದ ಕೊನೆಗೆ ಮ್ಯಾಕೆರೆಲ್ ಐಸ್‌ಲ್ಯಾಂಡ್ ಕಡೆಗೆ ಹರಡಿದ ಮೇಲೆ ಜಗಳ ಬಿಗಡಾಯಿಸಿತು. ನೀರು ಬಿಸಿಯಾಗಿದ್ದೋ, ಮೇವೋ, ಮೀನೇ ಹೆಚ್ಚಾಗಿದ್ದೋ, ಒಮ್ಮತವಿಲ್ಲ. ಒಂದನ್ನೇ ಕಾರಣ ಅಂತ ಬರೆಯಬೇಡಿ.

ಹೋಲಿಕೆಗೆ ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ತೆಗೆದುಕೊಳ್ಳಿ. ಅಲ್ಲಿ ನಾರ್ವೆ, ಸೋವಿಯತ್ ಒಕ್ಕೂಟ 1970ರ ದಶಕದಲ್ಲೇ ಸಮಪಾಲು ಗಟ್ಟಿ ಮಾಡಿಕೊಂಡವು, ಮೂರನೆಯವರಿಗೂ ಸ್ವಲ್ಪ ತೆಗೆದಿಟ್ಟವು. ವರ್ಷವರ್ಷ ಚೌಕಾಸಿಗೆ ಉಳಿದದ್ದು ಮುಖ್ಯವಾಗಿ ಒಟ್ಟು ಮಿತಿ. ನಿಮ್ಮ ಕೋಷ್ಟಕದಲ್ಲಿ ‘ಪಾಲು’ ಮತ್ತು ‘ಮಿತಿ’ಗೆ ಬೇರೆ ಬೇರೆ ಅಂಕಣ ಹಾಕಿ.